ಯೂನಿಫಾರ್ಮ್ ಇಲ್ಲದೆ ಬಂದ ಮಗು ಎಲ್ಲಿ ನಿಲ್ಲಬೇಕು?

ಎಲ್ಲರಿಗೂ ನಮಸ್ಕಾರ.

ಶಾಲೆಯಲ್ಲಿ ಸಮವಸ್ತ್ರ ಕಡ್ಡಾಯ ಇರಬೇಕೋ ಬೇಡವೋ ಅನ್ನುವುದು ಇವತ್ತಿನ ವಿಷಯ. ಬೇಕು ಅನ್ನುವವರೂ ಇಲ್ಲಿದ್ದೀರಿ, ಬೇಡ ಅನ್ನುವವರೂ ಇದ್ದೀರಿ. ಅದಕ್ಕೆ ಮೊದಲು ಒಂದು ಬೆಳಗಿನ ಸಂಗತಿ ಹೇಳಿಬಿಡುತ್ತೇನೆ.

ನಾನು ಆಗಷ್ಟೇ ಮೇಷ್ಟ್ರ ಕೆಲಸಕ್ಕೆ ಸೇರಿದ್ದೆ. ಪ್ರಾರ್ಥನೆ ಮುಗಿದ ಮೇಲೆ ಯೂನಿಫಾರ್ಮ್ ಹಾಕದೆ ಬಂದವರನ್ನು ಸಾಲಿನಿಂದ ಈಚೆಗೆ ಕರೆದು ನಿಲ್ಲಿಸುವುದು ಆ ಶಾಲೆಯ ಪದ್ಧತಿ. ಆ ವಾರ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ಕಲರ್ ಡ್ರೆಸ್ ಹಾಕಿಕೊಂಡು ಬಂದಿದ್ದಳು. ಯಾಕಮ್ಮಾ ಅಂತ ಕೇಳಿದೆ. "ಒಗೆದಿದ್ದು ಒಣಗಿಲ್ಲ ಸಾರ್" ಅಂದಳು. ಅವಳ ಹತ್ತಿರ ಇದ್ದದ್ದು ಒಂದೇ ಜೊತೆ. ಮೊದಲ ಪಿರಿಯಡ್ ಪೂರ್ತಿ ಅವಳು ಹೊರಗೆ ನಿಂತಳು. ನಿಲ್ಲಿಸಿದವನು ನಾನೇ. ಮರುದಿನ ಯೂನಿಫಾರ್ಮ್ ಹಾಕಿಕೊಂಡೇ ಬಂದಳು. ನೋಟ್‌ಬುಕ್ ತೋರಿಸಲು ಹತ್ತಿರ ಬಂದಾಗ ಕಂಡೆ, ತೋಳು ಇನ್ನೂ ಒದ್ದೆ ಇತ್ತು.

ಆ ಒದ್ದೆ ತೋಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ನಾನು ಈ ಚರ್ಚೆಯ ಬಗ್ಗೆ ಇಷ್ಟು ವರ್ಷ ಓದಿದ್ದೇನೆ.

ಸಮವಸ್ತ್ರದ ಪರವಾಗಿ ಎಲ್ಲರೂ ಮೊದಲು ಹೇಳುವ ಮಾತು ಸಮಾನತೆ. ಬಡವರ ಮಗು, ಶ್ರೀಮಂತರ ಮಗು ಒಂದೇ ಥರ ಕಾಣಲಿ ಅಂತ. ಒಳ್ಳೆಯ ಆಸೆ. ನನಗೂ ಅದರಲ್ಲಿ ನಂಬಿಕೆ ಇದೆ. ಆದರೆ ಇದರ ಇತಿಹಾಸ ಸ್ವಲ್ಪ ನೋಡಿ. ಲಂಡನ್‌ನಲ್ಲಿ 1552ರಲ್ಲಿ ಕ್ರೈಸ್ಟ್ಸ್ ಹಾಸ್ಪಿಟಲ್ ಅನ್ನುವ ಶಾಲೆ ಶುರುವಾಯಿತು. ಹೆಸರಲ್ಲಿ ಹಾಸ್ಪಿಟಲ್ ಇದ್ದರೂ ಅದು ಬಡ ಮಕ್ಕಳಿಗೆ ಆಶ್ರಯ ಕೊಟ್ಟು ಓದಿಸುತ್ತಿದ್ದ ಜಾಗ. ಅಲ್ಲಿನ ಮಕ್ಕಳಿಗೆ ಉದ್ದನೆಯ ನೀಲಿ ಕೋಟು, ಹಳದಿ ಕಾಲುಚೀಲ ಕೊಡುತ್ತಿದ್ದರು. ಇವತ್ತಿಗೂ ಆ ಶಾಲೆಯ ಮಕ್ಕಳು ಅದನ್ನೇ ಹಾಕುತ್ತಾರೆ. ಆಗ ಬೀದಿಯಲ್ಲಿ ಆ ನೀಲಿ ಕೋಟು ಕಂಡರೆ, ಇದು ದಾನದ ದುಡ್ಡಿನಲ್ಲಿ ನಡೆಯುವ ಶಾಲೆಯ ಮಗು ಅಂತ ಜನರಿಗೆ ಗೊತ್ತಾಗುತ್ತಿತ್ತು. ಶ್ರೀಮಂತರ ಶಾಲೆಗಳು ಸಮವಸ್ತ್ರಕ್ಕೆ ಬಂದದ್ದು ಬಹಳ ತಡವಾಗಿ. ಅಂದರೆ ಬಟ್ಟೆ ಬಡತನವನ್ನು ಮುಚ್ಚಲೂಬಹುದು, ಎತ್ತಿ ತೋರಿಸಲೂಬಹುದು. ಆದರೆ ಒಂದು ಮಾತು ಮರೆಯಬೇಡಿ. ಅಲ್ಲಿ ಬಟ್ಟೆ ಹಾಕಿಕೊಳ್ಳಿ ಅಂದ ಶಾಲೆಯೇ ಬಟ್ಟೆಯನ್ನೂ ಕೊಡುತ್ತಿತ್ತು.

ಎರಡನೆಯದು ಶಿಸ್ತಿನ ಮಾತು. ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಅಮೆರಿಕದ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್. 1994ರಲ್ಲಿ ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಎಂಟನೇ ತರಗತಿವರೆಗೆ ಸಮವಸ್ತ್ರ ಕಡ್ಡಾಯ ಮಾಡಿದರು. ಜಗಳ, ಕಳ್ಳತನ ಕಡಿಮೆಯಾಯಿತು ಅಂತ ಸುದ್ದಿ ಬಂತು. 1996ರಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ದೇಶವನ್ನು ಉದ್ದೇಶಿಸಿ ಮಾಡಿದ ಭಾಷಣದಲ್ಲೇ ಸಮವಸ್ತ್ರದ ಪರ ಮಾತಾಡಿದರು. ಆದರೆ ಅದೇ ಹೊತ್ತಿನಲ್ಲಿ ಲಾಂಗ್ ಬೀಚ್‌ನಲ್ಲಿ ಶಾಲೆಗಳ ಸುಧಾರಣೆಗೆ ಬೇರೆ ಕ್ರಮಗಳೂ ನಡೆದಿದ್ದವು. ಯಾವುದರಿಂದ ಏನಾಯಿತು ಅಂತ ಬಿಡಿಸಿ ಹೇಳೋದು ಹೇಗೆ? 1998ರಲ್ಲಿ ಡೇವಿಡ್ ಬ್ರನ್ಸ್ಮಾ ಮತ್ತು ಕೆರಿ ಆನ್ ರಾಕ್‌ಮೋರ್ ಎಂಬ ಸಂಶೋಧಕರು ದೇಶದ ಹತ್ತನೇ ತರಗತಿ ಮಕ್ಕಳ ಮಾಹಿತಿ ಹಿಡಿದು ನೋಡಿದರು. ಸಮವಸ್ತ್ರದಿಂದ ನಡತೆಯಾಗಲಿ, ಹಾಜರಾತಿಯಾಗಲಿ ನೇರವಾಗಿ ಸುಧಾರಿಸಿದ್ದು ಅವರಿಗೆ ಕಾಣಲಿಲ್ಲ. ನನಗೆ ಇದರಲ್ಲಿ ಆಶ್ಚರ್ಯ ಇಲ್ಲ. ಮಗು ಸುಮ್ನೆ ಕೂತು ಪಾಠ ಕೇಳುವುದು ಅಂಗಿಯ ಬಣ್ಣ ನೋಡಿ ಅಲ್ಲ, ಎದುರಿಗೆ ನಿಂತವರನ್ನು ನೋಡಿ.

ಹಕ್ಕಿನ ಪ್ರಶ್ನೆಯೂ ಇದೆ, ಅದು ಸಣ್ಣದಲ್ಲ. 1965ರಲ್ಲಿ ವಿಯೆಟ್ನಾಂ ಯುದ್ಧ ಬೇಡ ಅಂತ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಹೋದ 13 ವರ್ಷದ ಮೇರಿ ಬೆತ್ ಟಿಂಕರ್ ಎಂಬ ಹುಡುಗಿಯನ್ನು ಅಮೆರಿಕದ ಶಾಲೆಯೊಂದು ಮನೆಗೆ ಕಳಿಸಿತ್ತು. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅವಳ ಪರ ತೀರ್ಪು ಕೊಟ್ಟಿತು. ಮಕ್ಕಳು ತಮ್ಮ ಹಕ್ಕನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಬರಬೇಕಿಲ್ಲ ಅನ್ನುವುದು ಆ ತೀರ್ಪಿನ ತಿರುಳು. ಅದು ಸಮವಸ್ತ್ರದ ಕೇಸ್ ಅಲ್ಲ, ನಿಜ. ಆದರೂ ಮಗುವಿನ ಮೈಮೇಲಿರುವುದು ಬರೀ ಬಟ್ಟೆ ಅಲ್ಲ, ಅದರ ಜೊತೆ ನಂಬಿಕೆ, ಅಭಿಪ್ರಾಯಗಳೂ ಇರುತ್ತವೆ ಅಂತ ಅದು ನೆನಪಿಸುತ್ತದೆ. ಬೇಡ ಅನ್ನುವವರ ಮಾತಿನಲ್ಲಿ ನನಗೆ ಜಾಸ್ತಿ ತೂಕ ಕಾಣುವುದು ಇಲ್ಲೇ.

ಈಗ ನನ್ನ ಮನಸ್ಸಿಗೆ ಹತ್ತಿರದ ವಿಷಯಕ್ಕೆ ಬರುತ್ತೇನೆ. ದುಡ್ಡು.

ಕೀನ್ಯಾ ದೇಶದಲ್ಲಿ ಸಂಶೋಧಕರು ಒಂದು ಸರಳ ಪ್ರಯೋಗ ಮಾಡಿದರು. ಚೀಟಿ ಎತ್ತಿ, ಕೆಲವು ಮಕ್ಕಳಿಗೆ ಸಮವಸ್ತ್ರ ಉಚಿತವಾಗಿ ಕೊಟ್ಟರು. ಪಡೆದ ಮಕ್ಕಳು ಶಾಲೆ ತಪ್ಪಿಸುವುದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಇಳಿಯಿತು. ಮೊದಲು ಸಮವಸ್ತ್ರವೇ ಇಲ್ಲದಿದ್ದ ಮಕ್ಕಳಲ್ಲಿ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ವರ್ಷಗಳಾದ ಮೇಲೆ ಹೋಗಿ ನೋಡಿದರೆ ಆ ಲಾಭ ಉಳಿದಿರಲಿಲ್ಲ ಅನ್ನುವುದನ್ನೂ ಹೇಳಬೇಕು. ಒಂದು ಜೊತೆ ಬಟ್ಟೆ ಬದುಕನ್ನು ಬದಲಿಸುವುದಿಲ್ಲ. ಆದರೆ ಒಂದು ಜೊತೆ ಬಟ್ಟೆ ಇಲ್ಲ ಅನ್ನುವ ಕಾರಣಕ್ಕೆ ಮಗು ಮನೆಯಲ್ಲೇ ಉಳಿಯುತ್ತಿತ್ತಲ್ಲ, ಅದನ್ನು ಗಮನಿಸಿ. ಎಲ್ಲರನ್ನೂ ಸಮ ಮಾಡಲಿ ಅಂತ ತಂದ ನಿಯಮವೇ ಅತಿ ಬಡ ಮಗುವಿಗೆ ಬಾಗಿಲಿಗೆ ಅಡ್ಡ ನಿಂತಿತ್ತು.

ಬಡ ದೇಶದ ಕಥೆ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡ್‌ನಲ್ಲಿ ಸಮವಸ್ತ್ರದ ಖರ್ಚಿಗೆ ಕಡಿವಾಣ ಹಾಕಲು 2021ರಲ್ಲಿ ಒಂದು ಕಾನೂನನ್ನೇ ತಂದರು. ಶಾಲೆಯ ಲೋಗೋ ಇರುವ ಬಟ್ಟೆ ಆದಷ್ಟು ಕಡಿಮೆ ಇರಲಿ, ಒಬ್ಬನೇ ವ್ಯಾಪಾರಿಯ ಹತ್ತಿರ ಕೊಳ್ಳುವ ಹಾಗೆ ಕಟ್ಟಿಹಾಕಬೇಡಿ, ಒಬ್ಬರು ಬಳಸಿದ ಬಟ್ಟೆ ಇನ್ನೊಬ್ಬರಿಗೆ ಸಿಗುವ ಏರ್ಪಾಡು ಮಾಡಿ ಅಂತ ಶಾಲೆಗಳಿಗೆ ಸರ್ಕಾರ ಹೇಳಿತು. ನೋಡಿ, ಇದು ಮಕ್ಕಳ ಮೇಲಿನ ನಿಯಮ ಅಲ್ಲ, ಶಾಲೆಯ ಮೇಲಿನ ನಿಯಮ.

ಹೆಣ್ಣುಮಕ್ಕಳ ಬಗ್ಗೆ ಒಂದು ಮಾತು. ಸ್ಕರ್ಟು, ಬಿಗಿ ಬೂಟು ಹಾಕಿದ ಹುಡುಗಿ ಬಿಡುವಿನಲ್ಲಿ ಓಡುವ ಬದಲು ಗೋಡೆ ಪಕ್ಕ ನಿಂತು ಮಾತಾಡುತ್ತಾಳೆ. ಹುಡುಗರು ಓಡುತ್ತಾರೆ. ಮೈದಾನದಲ್ಲಿ ಇದನ್ನು ನೀವೂ ನೋಡಿರುತ್ತೀರಿ, ಅಲ್ವಾ? ಓಡಲು ಆಗದ ಬಟ್ಟೆಯನ್ನು ಮಗುವಿಗೆ ಕಡ್ಡಾಯ ಮಾಡುವುದು ತಪ್ಪು.

ಹಾಗಾದರೆ ನಾನು ಯಾವ ಕಡೆ? ಸಮವಸ್ತ್ರ ಇರಲಿ ಅನ್ನುವ ಕಡೆ. ಆದರೆ ಕಡ್ಡಾಯ ಅನ್ನುವ ಮಾತು ಮೊದಲು ಶಾಲೆಗೆ ಅನ್ವಯಿಸಲಿ. ಕೊಳ್ಳಲಾಗದ ಮಗುವಿಗೆ ಕನಿಷ್ಠ ಎರಡು ಜೊತೆ ಕೊಡುವುದು ಕಡ್ಡಾಯ. ಒಂದೆರಡು ವರ್ಷ ಬಣ್ಣ ಬದಲಿಸದೆ ಇರುವುದು ಕಡ್ಡಾಯ, ಅಕ್ಕನ ಅಂಗಿ ತಂಗಿಗೆ ಬರಬೇಕಲ್ಲ. ಮನೆಯ ನಂಬಿಕೆಗೂ ಸಮವಸ್ತ್ರಕ್ಕೂ ತಿಕ್ಕಾಟ ಬಂದರೆ ಮೊದಲು ಮಗುವನ್ನು ಒಳಗೆ ಕೂರಿಸಿ, ಆಮೇಲೆ ದೊಡ್ಡವರು ಮಾತಾಡುವುದು ಕಡ್ಡಾಯ. ಯಾವ ಕಾರಣಕ್ಕೂ ಮಗುವನ್ನು ಪಾಠದಿಂದ ಹೊರಗೆ ನಿಲ್ಲಿಸಬಾರದು. ಇಷ್ಟನ್ನು ಒಪ್ಪದ ಶಾಲೆಗೆ ಕಡ್ಡಾಯ ಅನ್ನುವ ಹಕ್ಕಿಲ್ಲ ಅಂತ ನನ್ನ ಅಭಿಪ್ರಾಯ.

ಆ ಹುಡುಗಿಯ ಬೆಳಗಿನ ನಂತರ ನಾವು ನಾಲ್ಕು ಜನ ಮೇಷ್ಟ್ರುಗಳು ಸೇರಿ, ಮೇಲಿನ ತರಗತಿಗೆ ಹೋದ ಮಕ್ಕಳಿಗೆ ಗಿಡ್ಡ ಆದ ಬಟ್ಟೆಗಳನ್ನು ಕೇಳಿ ತಂದು, ಒಗೆಸಿ, ಗುಂಡಿ ಹೊಲಿಸಿ ಒಂದು ಬೀರುವಿನಲ್ಲಿ ಇಟ್ಟೆವು. ಬೀರುವಿಗೆ ಬೀಗ ಹಾಕಲಿಲ್ಲ. ಬೇಕಾದವರು ಪ್ರಾರ್ಥನೆಗೆ ಮುಂಚೆ ಬಂದು ಹಾಕಿಕೊಂಡು, ಸಂಜೆ ಮಡಚಿಟ್ಟು ಹೋಗುತ್ತಿದ್ದರು. ಯಾರು ತೆಗೆದುಕೊಂಡರು ಅಂತ ನಾವು ಎಲ್ಲೂ ಬರೆದಿಡಲಿಲ್ಲ.