ಚಾವಿ ಯಾರ ಹತ್ತಿರ ಇದೆ?

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ಹದಿನೈದೇ ನಿಮಿಷ ಅಂದಿದ್ದಾರೆ. ನಿವೃತ್ತ ಮಾಸ್ತರರ ಕೈಗೆ ಮೈಕ್ ಕೊಟ್ಟ ಮೇಲೆ ಹಾಗೆಲ್ಲ ಹೇಳಬಾರದು.

ಸಮುದಾಯ ಭವನಕ್ಕೆ ಹೊಸ ಬಣ್ಣ ಬಂದಿದೆ, ಚೆಂದ ಕಾಣುತ್ತದೆ. ನನ್ನ ಪ್ರಶ್ನೆ ಮಾತ್ರ ಹಳೆಯದೇ. ಚಾವಿ ಯಾರ ಹತ್ತಿರ ಇದೆ?

ನಗುವವರು ನಗಿ. ಕೆಲವು ವರ್ಷಗಳ ಹಿಂದಿನ ಒಂದು ಜುಲೈ. ಕಾರವಾರದ ಜುಲೈ ಗೊತ್ತಲ್ಲ, ಕೊಡೆ ಹಿಡಿದವನೂ ಒದ್ದೆ, ಹಿಡಿಯದವನೂ ಒದ್ದೆ. ಸಂಜೆ ಪಾಠಕ್ಕೆ ಬಂದ ಹನ್ನೊಂದು ಮಕ್ಕಳು ಇದೇ ಜಗಲಿಯಲ್ಲಿ ನಿಂತಿದ್ದರು. ಬಾಗಿಲಿಗೆ ಬೀಗ. ಚಾವಿ ಇಟ್ಟುಕೊಂಡವರು ಗೋವಾದ ನೆಂಟರ ಮನೆಯಲ್ಲಿ, ಚಾವಿ ಅವರ ಜೇಬಿನಲ್ಲಿ. ಸರಿ, ಜಗಲಿಯಲ್ಲೇ ಮಗ್ಗಿ ಶುರು ಮಾಡಿದೆ. ಏಳರ ಮಗ್ಗಿ ಮುಗಿಯುವಷ್ಟರಲ್ಲಿ ಇರಚಲಿಗೆ ಪುಸ್ತಕವೆಲ್ಲ ತೊಯ್ದವು. ಆಗ ಒಣಮೀನು ಮಾರುವ ಒಬ್ಬ ಅಕ್ಕ ಬಂದರು. ಬುಟ್ಟಿಗೆ ಮುಚ್ಚಿದ್ದ ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಎರಡು ಕಂಬಕ್ಕೆ ಕಟ್ಟಿಕೊಟ್ಟರು. ಮಳೆ ನಿಂತಿತು, ಸೀಗಡಿ ವಾಸನೆ ನಿಲ್ಲಲಿಲ್ಲ. ಮರುದಿನ ಬೆಕ್ಕೊಂದು ಒಬ್ಬ ಹುಡುಗನ ಪಾಟಿಚೀಲದ ಹಿಂದೆ ಶಾಲೆಯವರೆಗೂ ಹೋಯಿತಂತೆ!

ಹೋಗುವಾಗ ಆ ಅಕ್ಕ ಕೊಂಕಣಿಯಲ್ಲಿ ಕೇಳಿದರು, ಒಳಗೆ ಬಂಗಾರ ಇದೆಯಾ ಅಂತ. ಏನಿತ್ತು ಹೇಳಿ? ಎರಡು ಕೇರಂ ಬೋರ್ಡು, ಮುರಿದ ಮೈಕ್ ಸ್ಟ್ಯಾಂಡು, ಗಣಪತಿ ಮಂಟಪದ ಹಳೇ ಥರ್ಮಾಕೋಲು.

ನಮ್ಮದು ಮೀನುಗಾರರ ಊರು. ಮಳೆಗಾಲದ ಮೀನುಗಾರಿಕೆ ನಿಷೇಧ ಅಂತ ಜೂನ್ 1ರಿಂದ ಜುಲೈ 31, ಒಟ್ಟು 61 ದಿನ ಯಾಂತ್ರಿಕ ದೋಣಿ ಕಡಲಿಗೆ ಇಳಿಯುವಂತಿಲ್ಲ. ಗಂಡಸರು ಮನೆಯಲ್ಲಿ, ಕೈಯಲ್ಲಿ ಕಾಸಿಲ್ಲ. ಒಂದೇ ಕೋಣೆಯಲ್ಲಿ ಟಿವಿ, ಬಲೆ ಸರಿ ಮಾಡುವುದು, ಜಗಳ, ಮಕ್ಕಳ ಓದು. ಶಾಲೆ ಶುರುವಾಗುವುದೂ ಅದೇ ಹೊತ್ತಿಗೆ. ಮನೆಯಲ್ಲಿ ಕೊಂಕಣಿ, ಪುಸ್ತಕದಲ್ಲಿ ಕನ್ನಡ. ಪಕ್ಕದಲ್ಲಿ ಕೂತು ತಿದ್ದುವವರು ಬೇಕು, ಅಲ್ವಾ? ನಮ್ಮ ಕಾಲೇಜು ಹುಡುಗಿಯರು ಆ ಕೆಲಸ ನನಗಿಂತ ಚೆನ್ನಾಗಿ ಮಾಡುತ್ತಾರೆ. ಭವನ ಜಾಸ್ತಿ ಬೇಕಾಗುವುದು ಆ ಎರಡು ತಿಂಗಳು. ಮದುವೆ ಬುಕಿಂಗ್ ಇಲ್ಲ ಅಂತ ನಾವು ಬೀಗ ಹಾಕುವುದೂ ಆಗಲೇ.

2024ರ ಆಗಸ್ಟ್ 7ರಂದು, ಇನ್ನೂ ಬೆಳಕಾಗುವ ಮೊದಲು, ಕಾಳಿ ನದಿಯ ಹಳೇ ಸೇತುವೆ ಕುಸಿದು ಲಾರಿ ಹೊಳೆಗೆ ಬಿತ್ತಲ್ಲ. ಚಾಲಕನನ್ನು ಬದುಕಿಸಲು ಮೀನುಗಾರರೂ ಓಡಿದರು. ಆಗ ಯಾರೂ ಕಮಿಟಿ ಮೀಟಿಂಗ್ ಕರೆಯಲಿಲ್ಲ. ಅಂಥವರ ಮಕ್ಕಳು ಒಂದು ಚಾವಿಗಾಗಿ ಅರ್ಜಿ ಬರೆಯಬೇಕಾ?

ಹೊತ್ತಾಯಿತು ಅಂತ ಅಧ್ಯಕ್ಷರ ಚೀಟಿ ಬಂತು. ಗ್ರಂಥಾಲಯ, ಹೊಲಿಗೆ ಕ್ಲಾಸು, ವಾಲಿಬಾಲ್ ನೆಟ್ಟು, ಎಲ್ಲ ಬರೆದುಕೊಂಡು ಬಂದಿದ್ದೆ. ಇರಲಿ ಬಿಡಿ. ಶೌಚಾಲಯದ ನಲ್ಲಿ ಮಾತ್ರ ಇದೇ ವಾರ ಸರಿ ಮಾಡಿಸಿ, ನೀರಿಲ್ಲದಿದ್ದರೆ ಹೆಣ್ಣುಮಕ್ಕಳು ಬರುವುದಿಲ್ಲ. ಹಾಗೇ ಮೂರು ಚಾವಿ ಮಾಡಿಸಿ. ಒಂದು ಅಧ್ಯಕ್ಷರಿಗೆ, ಒಂದು ಎದುರಿನ ಕಿರಾಣಿ ಅಂಗಡಿಗೆ. ಇನ್ನೊಂದು ಆ ಅಕ್ಕನಿಗೆ. ಅಗೋ, ಹಿಂದಿನ ಸಾಲಿನಲ್ಲೇ ಕೂತಿದ್ದಾರೆ. ನಾನು ನೋಡಿದ ಕೂಡಲೇ ಸೆರಗು ಬಾಯಿಗೆ ಹಿಡಿದರು.