ಹಿಂದೊಮ್ಮೆ ಕ್ಯಾನ್ಸರ್ ಬಂದವರ ಲಾಲಾಗ್ರಂಥಿ ಕ್ಯಾನ್ಸರ್: ಯಾವುದು, ಯಾವಾಗ, ಏನು ಚಿಕಿತ್ಸೆ?

ಎಲ್ಲರಿಗೂ ನಮಸ್ಕಾರ. ಲಾಲಾಗ್ರಂಥಿಯ, ಅಂದರೆ ಜೊಲ್ಲು ಸುರಿಸುವ ಗ್ರಂಥಿಯ, ಕ್ಯಾನ್ಸರ್ ಎಷ್ಟು ಅಪರೂಪವೆಂದು ಈ ಸಭೆಗೆ ಹೇಳಬೇಕಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ಕೇಸ್ ಶೀಟಿನಲ್ಲಿ ‘ಹಿಂದೆ ಕ್ಯಾನ್ಸರ್ ಆಗಿತ್ತು’ ಎಂಬ ಸಾಲು ಕಂಡರೆ ಚಿಕಿತ್ಸೆ ಕೊಡುವವರ ಉತ್ಸಾಹವೇ ಕುಗ್ಗುತ್ತದೆ. ಗುಣವಾಗಬಹುದಾದ ಗಡ್ಡೆಗೂ ಅರೆಮನಸ್ಸಿನ ಚಿಕಿತ್ಸೆ ಸಿಗುತ್ತದೆ. ಇದು ಅನ್ಯಾಯ. ಆ ಸಾಲಿನ ಮುಂದೆ ಮೂರು ಪ್ರಶ್ನೆ ಬರೆಯಿರಿ: ಯಾವ ಕ್ಯಾನ್ಸರ್, ಎಷ್ಟು ವರ್ಷದ ಹಿಂದೆ, ಏನು ಚಿಕಿತ್ಸೆ?

ಹತ್ತು ವರ್ಷದ ಹಿಂದೆ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ ಮಹಿಳೆಯೊಬ್ಬರ ಕಿವಿಯ ಮುಂದೆ ಗಂಟು ಬಂದಿದೆ ಎಂದುಕೊಳ್ಳಿ. ಸೂಜಿ ಪರೀಕ್ಷೆಯಲ್ಲಿ ಹೈ ಗ್ರೇಡ್ ಕಾರ್ಸಿನೋಮ, ಅಂದರೆ ಉಗ್ರ ಸ್ವರೂಪದ ಕ್ಯಾನ್ಸರ್. ಸ್ತನದ್ದೇ ಹರಡಿದೆ ಎಂದು ಬರೆದುಬಿಟ್ಟರೆ ಗುಣಪಡಿಸುವ ಶಸ್ತ್ರಚಿಕಿತ್ಸೆಯ ಮಾತೇ ನಿಂತುಹೋಗುತ್ತದೆ. ಆದರೆ ಲಾಲಾಗ್ರಂಥಿಯ ನಾಳದ ಕ್ಯಾನ್ಸರ್ (ಸಲೈವರಿ ಡಕ್ಟ್ ಕಾರ್ಸಿನೋಮ) ಸೂಕ್ಷ್ಮದರ್ಶಕದಡಿ ಸ್ತನದ ನಾಳದ (ಡಕ್ಟಲ್) ಕ್ಯಾನ್ಸರಿನಂತೆಯೇ ಕಾಣುತ್ತದೆ. ಗಡ್ಡೆಯ ಮೂಲ ಪತ್ತೆಗೆ ನೋಡುವ ಗಾಟಾ-3 ಎಂಬ ಪ್ರೋಟೀನ್ ಗುರುತು ಎರಡರಲ್ಲೂ ಪಾಸಿಟಿವ್ ಬರಬಹುದು, ಹರ್-2 ಕೂಡ. ಹಾರ್ಮೋನು ಗ್ರಾಹಕಗಳಲ್ಲಿ ಆಂಡ್ರೊಜನ್ ರಿಸೆಪ್ಟರ್ ಪಾಸಿಟಿವ್, ಈಸ್ಟ್ರೊಜನ್ ರಿಸೆಪ್ಟರ್ ನೆಗೆಟಿವ್ ಆಗಿದ್ದರೆ ಲಾಲಾಗ್ರಂಥಿಯ ಕಡೆಗೆ ವಾಲಬಹುದು, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಹಳೆಯ ಸ್ತನ ಗಡ್ಡೆಯ ಬ್ಲಾಕ್ (ಕಾಪಿಟ್ಟ ಅಂಗಾಂಶದ ತುಣುಕು) ತರಿಸಿ, ಎರಡೂ ಸ್ಲೈಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿಸಿ.

ಈಗ ಅದೇ ಮಹಿಳೆಯ ಮೂರನೇ ಪ್ರಶ್ನೆ: ಏನು ಚಿಕಿತ್ಸೆ? ಸ್ತನ ಕ್ಯಾನ್ಸರಿಗೆ ಆಗ ಕೊಟ್ಟದ್ದು ಹೃದಯಕ್ಕೆ ಹಾನಿ ಮಾಡಬಲ್ಲ ಕೀಮೋ ಔಷಧ ಡಾಕ್ಸೊರುಬಿಸಿನ್, ನಾಲ್ಕು ಸೈಕಲ್, ಚದರ ಮೀಟರಿಗೆ 60 ಮಿ.ಗ್ರಾಂನಂತೆ ಒಟ್ಟು 240. ಮುಂದೆಂದಾದರೂ ರೋಗ ಹರಡಿ ಸಿಎಪಿ ಕೀಮೋ (ಸೈಕ್ಲೊಫಾಸ್ಫಮೈಡ್, ಡಾಕ್ಸೊರುಬಿಸಿನ್, ಸಿಸ್‌ಪ್ಲಾಟಿನ್) ಶುರು ಮಾಡಿದರೆ ಡಾಕ್ಸೊರುಬಿಸಿನ್ ಸೈಕಲಿಗೆ 50, ಆರು ಸೈಕಲಿಗೆ 300. ಕೂಡಿದರೆ 540. ಹೃದಯದ ಸುರಕ್ಷತೆಗೆ ಜೀವಮಾನದ ಒಟ್ಟು ಡೋಸಿಗೆ ಹಾಕಿಕೊಂಡಿರುವ ಮಿತಿ 450ರಿಂದ 550. ಹಳೆಯ ಡಿಸ್ಚಾರ್ಜ್ ಸಮ್ಮರಿ ಕೇಳದಿದ್ದರೆ ಈ ಲೆಕ್ಕವೇ ಹೊಳೆಯುವುದಿಲ್ಲ. ಹಿಂದೆ ಕುತ್ತಿಗೆಗೆ ರೇಡಿಯೇಶನ್ ಆದವರಲ್ಲೂ ಹೀಗೆಯೇ: ಶಸ್ತ್ರಚಿಕಿತ್ಸೆಯ ನಂತರ ನಾವು ಕೊಡುವುದು 60ರಿಂದ 66 ಗ್ರೇ (ರೇಡಿಯೇಶನ್ ಡೋಸಿನ ಅಳತೆ), ಬೆನ್ನುಹುರಿ ತಾಳುವುದು ಸುಮಾರು 45ರಿಂದ 50. ಹಳೆಯ ಡೋಸ್ ಪ್ಲಾನ್ ಕೈಯಲ್ಲಿಲ್ಲದೆ ಹೊಸದನ್ನು ಹಾಕಲಾಗದು.

ಇನ್ನು ಬದುಕುಳಿಯುವಿಕೆಯ ಅಂಕಿಗಳು. ಒಟ್ಟಾರೆ ಸರ್ವೈವಲ್ ಗ್ರಾಫಿನಲ್ಲಿ ಯಾವ ಕಾರಣದ ಸಾವೂ ಸಾವೇ. ಹಿಂದೆ ಕ್ಯಾನ್ಸರ್ ಬಂದವರಿಗೆ ಸಾಮಾನ್ಯವಾಗಿ ವಯಸ್ಸೂ ಹೆಚ್ಚು, ಬೇರೆ ಕಾಯಿಲೆಗಳೂ ಹೆಚ್ಚು. ಅವರ ಗೆರೆ ಕೆಳಗಿಳಿದರೆ ಹೊಸ ಗಡ್ಡೆಯೇ ಕೊಂದಿತು ಎನ್ನಲಾಗದು. ಲಾಲಾಗ್ರಂಥಿಯ ಕ್ಯಾನ್ಸರಿನಿಂದಲೇ ಆದ ಸಾವುಗಳನ್ನು ಬೇರೆ ಎಣಿಸಿ, ಬೇರೆ ಕಾರಣದ ಉಳಿದವನ್ನು ಪೈಪೋಟಿಯ ಸಾವುಗಳೆಂದು (ಕಾಂಪೀಟಿಂಗ್ ರಿಸ್ಕ್) ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇದಕ್ಕೆ ಎದುರಾದ ಮೋಸವೂ ಇದೆ. ಫಾಲೋಅಪ್‌ನಲ್ಲಿರುವವರ ಗಂಟು ಸ್ಕ್ಯಾನಿನಲ್ಲಿ ಬೇಗ ಸಿಗುತ್ತದೆ, ಎಣಿಕೆ ಪತ್ತೆಯಾದ ದಿನದಿಂದ ಶುರುವಾಗುವುದರಿಂದ ಅವರು ಹೆಚ್ಚು ಕಾಲ ಬದುಕಿದಂತೆ ತೋರಬಹುದು. ವಾಸಿಯಾದ ಥೈರಾಯ್ಡ್ ಕ್ಯಾನ್ಸರನ್ನೂ ಎರಡು ವರ್ಷದ ಹಿಂದಿನ ಶ್ವಾಸಕೋಶದ ಕ್ಯಾನ್ಸರನ್ನೂ ಒಂದೇ ಗುಂಪಿಗೆ ಹಾಕಿ ತೆಗೆದ ಸರಾಸರಿ ನಿಮ್ಮೆದುರು ಕೂತವರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಸಮಯ ಮುಗಿಯುತ್ತಿದೆಯೆಂದು ಸನ್ನೆ ಬಂತು. ಬೇಗ ಎರಡು ಮಾತು. ಧೂಮಪಾನಿಗಳ ಪೆಟ್ ಸ್ಕ್ಯಾನಿನಲ್ಲಿ ಪೆರೋಟಿಡ್ (ಕಿವಿಯ ಮುಂದಿನ ಲಾಲಾಗ್ರಂಥಿ) ಹೊಳೆದರೆ ಅದು ನಿರಪಾಯಕಾರಿ ವಾರ್ಥಿನ್ ಗಡ್ಡೆಯೂ ಇರಬಹುದು. ಸೂಜಿ ಹಾಕದೆ ಕ್ಯಾನ್ಸರ್ ಎನ್ನಬೇಡಿ. ನೆತ್ತಿ, ಮುಖದ ಚರ್ಮದ ಸ್ಕ್ವಾಮಸ್ ಕ್ಯಾನ್ಸರ್ ಪೆರೋಟಿಡ್‌ನೊಳಗಿನ ದುಗ್ಧರಸ ಗ್ರಂಥಿಗೆ (ಲಿಂಫ್ ನೋಡ್) ಹರಡುತ್ತದೆ; ಹಳೆಯ ಗಾಯದ ಕಲೆಯನ್ನು ಕೂದಲು ಸರಿಸಿ ಹುಡುಕಿ. ಟ್ರಯಲ್‌ಗಳ ವಿಷಯ ಪ್ರಶ್ನೋತ್ತರದಲ್ಲಿ ಎತ್ತಿಕೊಳ್ಳೋಣ.