ಬಂದನೋ, ಕಳಿಸಿದರೋ

ಅಸ್ಸಲಾಮು ಅಲೈಕುಮ್. ಎಲ್ಲರಿಗೂ ನಮಸ್ಕಾರ. ಮಗ್ರಿಬ್ ನಮಾಝ್ ಮುಗಿಸಿ ಬಂದವರೂ ಇದ್ದೀರಿ, ಪೇಟೆಯಲ್ಲಿ ಅಂಗಡಿ ಬಾಗಿಲು ಹಾಕಿ ಬಂದವರೂ ಇದ್ದೀರಿ. ತುಂಬಾ ಖುಷಿಯಾಯಿತು.

ಕುಮಟಾದ ಸುತ್ತ, ಅಘನಾಶಿನಿ ದಂಡೆಯ ಊರಿನವರೇ ಇಲ್ಲಿ ಜಾಸ್ತಿ. ಗಜನಿ ಅಂದರೆ ಏನೆಂದು ನಿಮಗೆ ಹೇಳಬೇಕಿಲ್ಲ. ಕಟ್ಟು ಹಾಕಿ, ನೀರು ತಡೆಯುವ ಹಲಗೆಬಾಗಿಲು ಅಂದರೆ ಜಂತ್ರಡಿ ಇಟ್ಟು, ಉಬ್ಬರದ ನೀರನ್ನು ತಡೆದು ಕಗ್ಗ ಭತ್ತ ಬೆಳೆಯುವ ಗದ್ದೆ. ಜಂತ್ರಡಿಯ ಹಲಗೆ ಒಂದು ರಾತ್ರಿ ಸರಿಯಾಗಿ ಕೂರದಿದ್ದರೂ ಬೆಳಿಗ್ಗೆ ಗದ್ದೆ ನೋಡಲು ಹಾಗೇ ಇರುತ್ತದೆ. ಪೈರು ಹಸಿರು, ನೀರು ತಿಳಿ. ಬಾಯಿಗೆ ಹಾಕಿಕೊಂಡರೆ ಮಾತ್ರ ಉಪ್ಪು. ಕಗ್ಗ ಉಪ್ಪನ್ನು ತಾಳುತ್ತದೆ, ನಿಜ. ದಿನಾ ತಾಳು ಅಂದರೆ ಅದಕ್ಕೂ ಆಗುವುದಿಲ್ಲ. ನಾಲಿಗೆಯ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಾಗ ಮೊದಲು ನೆನಪಾದದ್ದು ಆ ಹಲಗೆ.

ಪ್ರವಾದಿಯವರ ನುಡಿ-ನಡೆಗಳ ವರದಿಗಳಾದ ಹದೀಸ್‌ಗಳ ಅಬೂ ದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿ ಒಂದು ಪ್ರಸಂಗವಿದೆ. ಹಝ್ರತ್ ಆಯಿಶಾ ಒಮ್ಮೆ ಪ್ರವಾದಿಯವರ ಇನ್ನೊಬ್ಬ ಪತ್ನಿ ಸಫಿಯ್ಯಾ ಅವರ ಬಗ್ಗೆ, ಅವರು ಕುಳ್ಳಗಿದ್ದಾರೆ ಎಂಬರ್ಥದಲ್ಲಿ ಏನೋ ಅಂದರು. ಮನೆಯೊಳಗಿನ ಮಾತು, ಗಂಡನ ಹತ್ತಿರ ಆಡಿದ್ದು. ಪ್ರವಾದಿಯವರು ನಕ್ಕು ಸುಮ್ಮನಾಗಲಿಲ್ಲ. ‘ನೀನಾಡಿದ ಈ ಮಾತನ್ನು ಸಮುದ್ರದ ನೀರಿಗೆ ಬೆರೆಸಿದರೆ ಅದೂ ಕೆಟ್ಟುಹೋದೀತು’ ಅಂದರು. ನಾವು ದಿನಾ ಸಮುದ್ರ ನೋಡುವವರು. ಅದು ಎಷ್ಟು ದೊಡ್ಡದು, ಎಷ್ಟು ಹೊಳೆಗಳ ಕೊಳೆಯನ್ನು ನುಂಗಿಯೂ ಹಾಗೇ ಇರುತ್ತದೆ ಎಂದು ನಮಗೆ ಗೊತ್ತು. ಅದನ್ನೂ ಕೆಡಿಸುವಷ್ಟು ಆ ಒಂದು ಮಾತಿನಲ್ಲಿ ಏನಿತ್ತು?

ಸುಳ್ಳಂತೂ ಇರಲಿಲ್ಲ. ನಾವೆಲ್ಲ ಎಡವುವುದು ಇಲ್ಲೇ. ‘ನಾನೇನು ಸುಳ್ಳು ಹೇಳಿದ್ನಾ? ಇದ್ದದ್ದು ಇದ್ದ ಹಾಗೆ ಹೇಳಿದೆ’ ಅನ್ನುತ್ತೇವೆ ಅಲ್ವಾ? ಇದೇ ಪ್ರಶ್ನೆಯನ್ನು ಸಹಾಬಿಗಳು, ಅಂದರೆ ಪ್ರವಾದಿಯವರ ಸಂಗಡಿಗರು, ಅವರಿಗೂ ಕೇಳಿದ್ದರು. ಸಹೀಹ್ ಮುಸ್ಲಿಮ್ ಎಂಬ ಹದೀಸ್ ಸಂಗ್ರಹದಲ್ಲಿ ಅದು ಬರುತ್ತದೆ. ಗೀಬತ್ ಅಂದರೆ ನಿನ್ನ ಸಹೋದರನಿಗೆ ಇಷ್ಟವಾಗದ್ದನ್ನು ಅವನ ಬೆನ್ನ ಹಿಂದೆ ಹೇಳುವುದು. ‘ಹೇಳಿದ್ದು ಅವನಲ್ಲಿ ಇದ್ದರೆ?’ ಎಂದು ಕೇಳಿದರು. ‘ಇದ್ದರೆ ಅದು ಗೀಬತ್. ಇಲ್ಲದಿದ್ದರೆ ಅದು ಸುಳ್ಳು ಆರೋಪ.’ ಅಂದರೆ ನಿಜ ಎನ್ನುವುದು ತಪ್ಪಿಸಿಕೊಳ್ಳುವ ದಾರಿಯಲ್ಲ. ಲೆಕ್ಕ ಶುರುವಾಗುವುದೇ ಅಲ್ಲಿಂದ.

ಈಗ ನನ್ನದೇ ಒಂದು ಮಾತು. ಆ ಹುಡುಗನ ಒಪ್ಪಿಗೆ ಕೇಳಿಯೇ ಹೇಳುತ್ತಿದ್ದೇನೆ.

ನಾಲ್ಕು ವರ್ಷದ ಹಿಂದೆ, ಇಶಾ ನಮಾಝ್ ಆದ ಮೇಲೆ ಐದು ಜನರ ಜೊತೆ ಮಸೀದಿಯ ಕಟ್ಟೆಯ ಮೇಲೆ ಕೂತಿದ್ದೆ. ನಮಾಝಿಗೆ ಮುಂಚೆ ಕೈಕಾಲು ಮುಖ ತೊಳೆದು ವುಝೂ ಮಾಡಿದ ನೀರು ಇನ್ನೂ ಗಡ್ಡದಲ್ಲಿತ್ತು. ಯಾರೋ ಅಂದರು, ‘ಅವನು ದುಬೈಯಿಂದ ವಾಪಸ್ ಬಂದನಂತೆ.’ ನಾನು ಅಂದೆ, ‘ಬಂದನೋ, ಕಳಿಸಿದರೋ!’ ಅಷ್ಟೇ. ಎರಡೇ ಪದ. ಅದೂ ಪ್ರಶ್ನೆ. ಎಲ್ಲರೂ ನಕ್ಕರು.

ಒಂದು ತಿಂಗಳಲ್ಲಿ ಅದು ‘ಕಳಿಸಿದರಂತೆ’ ಆಯಿತು. ಆಮೇಲೆ ‘ಕಂಪನಿಯ ದುಡ್ಡು ಹೊಡೆದನಂತೆ’ ಆಯಿತು. ಹೊನ್ನಾವರದಿಂದ ಬಂದಿದ್ದ ಹೆಣ್ಣಿನ ಕಡೆಯವರು ಮತ್ತೆ ಫೋನ್ ಎತ್ತಲಿಲ್ಲ. ಅವನು ಬಂದದ್ದು ಯಾಕೆಂದರೆ ಅವನ ಅಬ್ಬಾಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಕರೆದುಕೊಂಡು ಹೋಗಲು ಮನೆಯಲ್ಲಿ ಬೇರೆ ಗಂಡಾಳು ಇರಲಿಲ್ಲ.

ಕ್ಷಮೆ ಕೇಳಲು ಅವನ ಮನೆಗೆ ಹೋದೆ. ಅವನ ತಾಯಿ ಹಿತ್ತಲಲ್ಲಿ ಮೆಟ್ಟುಗತ್ತಿಯ ಮುಂದೆ ಕೂತು ಬಂಗಡೆ ಕೊಯ್ಯುತ್ತಿದ್ದರು. ‘ಚಾಚಿ, ಆ ಮಾತು ಶುರುವಾದದ್ದು ನನ್ನಿಂದ’ ಅಂದೆ. ಅವರು ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಮೀನು ಪೂರ್ತಿ ಕೊಯ್ದರು, ತೊಳೆದರು, ಬುಟ್ಟಿಗೆ ಹಾಕಿದರು. ಆಮೇಲೆ ಅಂದರು: ‘ಗೊತ್ತು ಮಾಸ್ತರೇ. ಬೇರೆ ಯಾರಾದ್ರೂ ಹೇಳಿದ್ರೆ ಜನ ನಂಬ್ತಿರಲಿಲ್ಲ. ನೀವು ಹೇಳಿದ್ದಕ್ಕೇ ನಂಬಿದ್ರು.’

ಆ ರಾತ್ರಿ ನಿದ್ದೆ ಬರಲಿಲ್ಲ. ಆ ಮಾತು ಬಾಯಿಗೆ ಬಂದದ್ದಾದರೂ ಎಲ್ಲಿಂದ ಎಂದು ಯೋಚಿಸುತ್ತಾ ಮಲಗಿದ್ದೆ. ನನ್ನ ತಮ್ಮನಿಗೆ ಎರಡು ಸಲ ವೀಸಾ ತಪ್ಪಿತ್ತು. ಈ ಹುಡುಗ ದುಬೈಗೆ ಹೋದಾಗ ನನಗೆ ಒಳಗೊಳಗೇ ಉರಿದಿತ್ತು. ಹೊರಗೆ ಮುಬಾರಕ್ ಹೇಳಿ ಬಂದಿದ್ದೆ. ಅವನು ವಾಪಸ್ ಬಂದ ಸುದ್ದಿ ಕೇಳಿದಾಗ, ಅಲ್ಲಾಹನು ನನ್ನನ್ನು ಕ್ಷಮಿಸಲಿ, ಖುಷಿಯಾಗಿತ್ತು. ಉಪ್ಪು ಮೊದಲೇ ಒಳಗಿತ್ತು.

ಕುರ್‌ಆನಿನ 49ನೇ ಅಧ್ಯಾಯ ಸೂರಾ ಹುಜುರಾತ್. ಗೀಬತ್ ಅಂದರೆ ಸತ್ತ ಸಹೋದರನ ಮಾಂಸ ತಿಂದ ಹಾಗೆ ಎನ್ನುವ ಮಾತು ಅದರ 12ನೇ ವಚನದ್ದು. ಹೆಚ್ಚಿನವರಿಗೆ ಅಷ್ಟು ಮಾತ್ರ ಗೊತ್ತು. ಅದೇ ವಚನ ಎಲ್ಲಿಂದ ಶುರುವಾಗುತ್ತದೆ ನೋಡಿ. ಮೊದಲು ಅನುಮಾನ ಬೇಡ ಅನ್ನುತ್ತದೆ. ಆಮೇಲೆ ಇನ್ನೊಬ್ಬರ ಗುಟ್ಟು ಕೆದಕಬೇಡಿ ಅನ್ನುತ್ತದೆ. ಗೀಬತ್ ಬರುವುದು ಮೂರನೆಯದಾಗಿ. ಅನುಮಾನ ಮನಸ್ಸಿನದು, ಕೆದಕುವುದು ಕಣ್ಣು ಕಿವಿಯದು, ನಾಲಿಗೆಯ ಸರದಿ ಕೊನೆಗೆ. ದೇಹದಲ್ಲಿ ಒಂದು ಮಾಂಸದ ಮುದ್ದೆ ಇದೆ, ಅದು ಸರಿಯಿದ್ದರೆ ಇಡೀ ದೇಹ ಸರಿ, ಅದು ಕೆಟ್ಟರೆ ಎಲ್ಲ ಕೆಟ್ಟಿತು, ಅದೇ ಹೃದಯ ಎಂದು ಪ್ರವಾದಿಯವರು ಹೇಳಿದ್ದೂ ಇದಕ್ಕೇ. 1111ರಲ್ಲಿ ತೀರಿಕೊಂಡ ವಿದ್ವಾಂಸ ಇಮಾಮ್ ಗಝಾಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ‘ಪಾಪ, ಅಲ್ಲಾಹ್ ಅವನನ್ನು ಕ್ಷಮಿಸಲಿ’ ಎಂದು ದುಆದ, ಅಂದರೆ ಪ್ರಾರ್ಥನೆಯ, ಧ್ವನಿಯಲ್ಲೇ ಒಬ್ಬನ ತಪ್ಪನ್ನು ಎತ್ತಿ ತೋರಿಸುತ್ತೇವಲ್ಲ, ಅದೂ ಗೀಬತ್ತೇ ಅನ್ನುತ್ತಾರೆ. ಓದಿದಾಗ ನನಗೆ ಬೆವರಿತ್ತು.

ಒಂದು ವಿಷಯ ಸ್ಪಷ್ಟ ಮಾಡಿಬಿಡುತ್ತೇನೆ. ಅನ್ಯಾಯವಾದವರು ಅದನ್ನು ಹೇಳಿಕೊಂಡರೆ ಗೀಬತ್ ಅಲ್ಲ. ಹೊಡೆಯುವ ಗಂಡನ ಬಗ್ಗೆ ದೂರು ಕೊಡಬಾರದು ಎಂದು ಯಾರಾದರೂ ಈ ಹದೀಸ್ ಹೇಳಿ ಹೆಂಗಸರ ಬಾಯಿ ಮುಚ್ಚಿಸಿದರೆ ಅದು ದೊಡ್ಡ ತಪ್ಪು. ಸಂಬಂಧದ ವಿಷಯದಲ್ಲಿ ಸಲಹೆ ಕೇಳಿದರೆ ಗೊತ್ತಿದ್ದ ನಿಜ ಹೇಳಬೇಕು. ಫಾತಿಮಾ ಬಿಂತ್ ಕೈಸ್ ಎಂಬ ಮಹಿಳೆ ತಮ್ಮನ್ನು ಮದುವೆಗೆ ಕೇಳಿದ್ದ ಇಬ್ಬರು ಗಂಡುಗಳ ಬಗ್ಗೆ ಕೇಳಿದಾಗ ಪ್ರವಾದಿಯವರೇ ಆ ಇಬ್ಬರ ಕುಂದು ಹೇಳಿದ್ದರು. ನನ್ನನ್ನು ಮಾತ್ರ ಆ ದಿನ ಯಾರೂ ಸಲಹೆ ಕೇಳಿರಲಿಲ್ಲ.

ಕೊನೆಗೆ ಕುರ್‌ಆನಿನ ಇನ್ನೊಂದು ಅಧ್ಯಾಯ, ಸೂರಾ ನೂರ್. ಸ್ವತಃ ಆಯಿಶಾ ಅವರ ಮೇಲೆಯೇ ಮದೀನಾದಲ್ಲಿ ಅಪವಾದ ಹಬ್ಬಿತ್ತು. ಆಗ ಬಂದ ವಚನದಲ್ಲಿ ಒಂದು ವಿಚಿತ್ರ ಮಾತಿದೆ: ‘ನೀವು ಅದನ್ನು ನಿಮ್ಮ ನಾಲಿಗೆಗಳಿಂದ ಸ್ವೀಕರಿಸಿದಿರಿ.’ ಸುದ್ದಿಯನ್ನು ಸ್ವೀಕರಿಸಬೇಕಾದದ್ದು ಕಿವಿ ಅಲ್ವಾ? ಕಿವಿಗೆ ಬಿದ್ದದ್ದು ಮನಸ್ಸಿಗೆ ಇಳಿಯುವ ಮೊದಲೇ ಬಾಯಿಂದ ಹೊರಗೆ ಹೋಗಿತ್ತು. ವಾಟ್ಸಾಪ್‌ನಲ್ಲಿ ಪೂರ್ತಿ ಓದದೆ ಫಾರ್ವರ್ಡ್ ಮಾಡುತ್ತೇವಲ್ಲ, ಹಾಗೆ.

ಬೈದ ಜಾಗದಲ್ಲೇ ಒಳ್ಳೆಯದನ್ನೂ ಹೇಳಬೇಕು ಎನ್ನುತ್ತಾರೆ ಉಲಮಾಗಳು, ಅಂದರೆ ಧರ್ಮ ವಿದ್ವಾಂಸರು. ಹಾಗೆಂದು ಅದೇ ಕಟ್ಟೆಯ ಮೇಲೆ ಕೂತು, ನನಗೆ ಏನೂ ಗೊತ್ತಿರಲಿಲ್ಲ, ಆ ಹುಡುಗ ಅಬ್ಬಾನಿಗಾಗಿ ಬಂದವನು ಎಂದು ಹೇಳಿದೆ. ಅಂದಿನ ಐವರಲ್ಲಿ ಮೂವರು ಅಲ್ಲಿದ್ದರು. ನಾಲ್ಕನೆಯವನು ಶಾರ್ಜಾದಲ್ಲಿದ್ದ, ಫೋನ್ ಮಾಡಿ ಹೇಳಿದೆ. ಐದನೆಯವರು ಅಷ್ಟರಲ್ಲಿ ತೀರಿಕೊಂಡಿದ್ದರು. ನಾನಾಡಿದ್ದನ್ನು ನಿಜವೆಂದೇ ನಂಬಿಕೊಂಡು ಹೋದರು.

ಹುಡುಗ ಈಗ ಬಂದರಿನಲ್ಲಿ ಐಸ್ ಗಾಡಿ ಓಡಿಸುತ್ತಾನೆ. ದಾರಿಯಲ್ಲಿ ಸಿಗುತ್ತಾನೆ. ಈ ಸಲ ನಾನೇ ಮೊದಲು ಸಲಾಂ ಹೇಳಬೇಕು ಅಂದುಕೊಂಡು ಹೋಗುತ್ತೇನೆ. ದೂರದಿಂದಲೇ ಗಾಡಿ ನಿಧಾನ ಮಾಡಿ, ಕಿಟಕಿಯಿಂದ ಕೈ ಎತ್ತಿ, ಅವನೇ ಮೊದಲು ಹೇಳಿಬಿಡುತ್ತಾನೆ.